ಹೆರಿಗೆ ಆಸ್ಪತ್ರೆಯ ಗೆಜೆಟ್

1978, ನವರಾತ್ರಿಯ ಅಷ್ಟಮಿ, ಸೋಮವಾರ. ಬೆಳಿಗ್ಗೆ ತರೀಕೆರೆಯ ಕಾಲೇಜೊಂದರ ಗ್ರಂಥಪಾಲಕ ಗಂಗಾಧರಯ್ಯ ಠಾಣೆಗೆ ಬಂದು, ಗೆಜೆಟ್ ಸಂಚಿಕೆಯೊಂದು ಕಳುವಾಗಿದೆಯೆಂದು ದೂರು ಕೊಟ್ಟರು. ರದ್ದಿ ಕಾಗದಕ್ಕೂ ಎಫ್‌ಐಆರೇ ಎಂದು ರೈಟರ್ ನಕ್ಕ.

ಜೊತೆಯಲ್ಲಿದ್ದ ಬುಕ್ಕಾಂಬುಧಿಯ ವಿಧವೆ ಸಾವಿತ್ರಮ್ಮ ನಗಲಿಲ್ಲ. ಹೆರಿಗೆ ಆಸ್ಪತ್ರೆಗೆಂದು ಸರ್ಕಾರ ಆಕೆಯ ತೋಟವನ್ನು ವಶಪಡಿಸಿಕೊಳ್ಳಲು ಹೊರಟಿತ್ತು. ತಕರಾರು ಸಲ್ಲಿಸಲು ಅಂದು ಸಂಜೆಯೇ ಕೊನೆ. ಆ ಗೆಜೆಟ್‌ನಲ್ಲಿ ಬಂದ ಅಧಿಸೂಚನೆಯ ಸಂಖ್ಯೆಯಿಲ್ಲದ ಅರ್ಜಿಯನ್ನು ಭೂಸ್ವಾಧೀನ ಕಚೇರಿಯವರು ತೆಗೆದುಕೊಳ್ಳುವುದಿಲ್ಲ. ಕಚೇರಿಗೆ ಬರಬೇಕಾದ ಗೆಜೆಟ್ ಪ್ರತಿಯೂ ಬಂದಿಲ್ಲ. ಊರಿಗೆಲ್ಲ ಇದ್ದದ್ದು ಕಾಲೇಜಿನದೊಂದೇ. ಶನಿವಾರವೇ ಆಕೆ ಹೋಗಿ ಕೇಳಿದ್ದರು. ಸರಸ್ವತಿ ಪೂಜೆಯ ಗಡಿಬಿಡಿಯಲ್ಲಿದ್ದ ಗಂಗಾಧರಯ್ಯ ಸೋಮವಾರ ಬನ್ನಿ ಎಂದು ಸಾಗಹಾಕಿದ್ದರು.

ಇನ್ಸ್‌ಪೆಕ್ಟರ್ ಓಂಕಾರಮೂರ್ತಿ ಕಾನ್‌ಸ್ಟೇಬಲ್ ಓಬಳಪ್ಪನೊಡನೆ ಗ್ರಂಥಾಲಯಕ್ಕೆ ಹೋದರು. ಸರ್ಕಾರಿ ಪ್ರಕಟಣೆಗಳ ಬೀರುವಿನಲ್ಲಿ ಗೆಜೆಟ್‌ಗಳು ತಾರೀಖಿನ ಪ್ರಕಾರ ಇದ್ದವು, ಆ ವಾರದ್ದು ಮಾತ್ರ ಇರಲಿಲ್ಲ. ಬೀಗ ಮುರಿದಿರಲಿಲ್ಲ. ಬೀಗದ ಕೈ ಇದ್ದದ್ದು ಗಂಗಾಧರಯ್ಯ ಮತ್ತು ಅಟೆಂಡರ್ ಹುಲಿಗೆಮ್ಮನ ಬಳಿ. ಮಧ್ಯಾಹ್ನದವರೆಗೆ ಎಲ್ಲರೂ ಕಪಾಟು, ಅಟ್ಟ, ರದ್ದಿ ಚೀಲ ಜಾಲಾಡಿದರು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಂತೆ ಆಗುತ್ತಿದೆಯೇನೋ ಎಂದು ಓಂಕಾರಮೂರ್ತಿಗೆ ಅನ್ನಿಸಿತು. ನಡುವೆ ಪೂಜೆಗಿಟ್ಟ ಪುಸ್ತಕಗಳ ಮೇಜಿತ್ತು. ಓಬಳಪ್ಪನೂ ಸೇರಿ ಎಲ್ಲರೂ ಅದಕ್ಕೆ ಕೈಮುಗಿದು ಸುತ್ತುಹಾಕಿ ಹೋಗುತ್ತಿದ್ದರು.

"ಪೂಜೆಗೆ ಪುಸ್ತಕ ಜೋಡಿಸಿದ್ದು ಯಾರು?"

"ನಾನೇ ಸ್ವಾಮಿ," ಎಂದರು ಹುಲಿಗೆಮ್ಮ.

"ತೆಗೀರಿ."

"ದಶಮಿವರ್ಗೂ ಮುಟ್ಟಂಗಿಲ್ಲ."

ಗಂಗಾಧರಯ್ಯನೂ ಬೇಡವೆಂದರು. ಓಂಕಾರಮೂರ್ತಿ ಬೂಟು ಬಿಚ್ಚಿ, ಕೈಮುಗಿದು, ತಾವೇ ಒಂದೊಂದಾಗಿ ಎತ್ತಿದರು. ಎಲ್ಲಕ್ಕೂ ಕೆಳಗೆ, ಅರಿಶಿನ ಮೆತ್ತಿಕೊಂಡು, ಗೆಜೆಟ್ ಇತ್ತು. ಮೂರು ಗಂಟೆಗೆ ಪಂಚನಾಮೆ ಬರೆಸಿದರು. ಸಾವಿತ್ರಮ್ಮ ಸಂಖ್ಯೆ ಬರೆದುಕೊಂಡು ಕಚೇರಿಗೆ ಓಡಿದರು.

"ಯಾಕಮ್ಮ ಬಚ್ಚಿಟ್ರಿ?"

ಹುಲಿಗೆಮ್ಮ ಸೆರಗು ಹಿಂಡುತ್ತ ನಿಂತರು. "ನಂದೂ ಬುಕ್ಕಾಂಬುಧಿನೇ. ನನ್ ಮಗ್ಳು ಅಂಬಮ್ಮ ಹೆರಿಗೆ ನೋವ್ನಾಗೆ ಬಸ್ನಾಗೇ ತೀರ್ಹೋದ್ಳು. ಶನಿವಾರ ಆಯಮ್ಮ ಬಂದು ಕೇಳಿದ್ದು ನಂಗೂ ಕೇಳಿಸ್ತು. ಆ ಆಸ್ಪತ್ರೆ ತಪ್ಪಬಾರ್ದು ಅಂತ. ದಶಮಿ ದಿನ ತಿರ್ಗ ಅಲ್ಲೇ ಇಡ್ತಿದ್ದೆ ಸ್ವಾಮಿ, ಕದಿಯಾಕಲ್ಲ."

ಸಂಜೆ ಠಾಣೆಯಲ್ಲಿ ದಸ್ತಗಿರಿಯ ಕಾಗದ ಸಿದ್ಧವಾಗುವಾಗ ಸಾವಿತ್ರಮ್ಮ ಬಂದು ಬಾಗಿಲಲ್ಲಿ ನಿಂತರು. ಹುಲಿಗೆಮ್ಮನ ಮಗಳ ವಿಷಯ ಅವರಿಗೂ ತಿಳಿದಿತ್ತು.

"ಅರ್ಜಿ ಕೊಟ್ರಾ?" ಹುಲಿಗೆಮ್ಮ ಕೇಳಿದರು.

"ಕೊಟ್ಟೆ ಕಣಮ್ಮ. ನಂಗೂ ಇರೋದು ಅದೊಂದೇ ತೋಟ."

ಹುಲಿಗೆಮ್ಮ ಸರಿ ಎಂಬಂತೆ ತಲೆಯಾಡಿಸಿ ಕಾಗದಕ್ಕೆ ರುಜು ಹಾಕಿದರು. ಬುಕ್ಕಾಂಬುಧಿಯ ಬಸುರಿಯರಿಗೆ ಇನ್ನೂ ಆ ಬಸ್ಸೇ ಗತಿಯೇನೋ ಎಂದು ಓಂಕಾರಮೂರ್ತಿಗೆ ಸಂಕಟವಾಯಿತು. ಆದರೂ ಕೆಳಗೆ ಸಹಿ ಹಾಕಿದರು.