ಸೋಮವಾರದ ಖಾಲಿ ಗೆರೆ

ಅಕ್ಕಿಕಾಳಿನಷ್ಟಿದ್ದ ಹಾಲುಹಲ್ಲನ್ನು ಡಾಕ್ಟರ್ ಶಕುಂತಲಾ ಬೀಳಗಿ ಯಂತ್ರದೊಳಗಿಟ್ಟರು. ಮಗು ಹೊಟ್ಟೆಯಲ್ಲಿರುವಾಗಲೇ ಹಾಲುಹಲ್ಲಿನ ಕವಚ ದಿನಕ್ಕೊಂದು ಪದರದಂತೆ ಬೆಳೆಯುತ್ತದೆ. ತಾಯಿಯ ರಕ್ತಕ್ಕೆ ಸೇರಿದ್ದರ ಗುರುತು ಅದರಲ್ಲಿ ಉಳಿಯುತ್ತದೆ. ಶಕುಂತಲಾ ಕಂಡುಹಿಡಿದ ಈ ದಂತವಾಚಿ ಅದನ್ನು ದಿನ ದಿನವಾಗಿ ಓದುತ್ತಿತ್ತು. 2058ರ ಹುಬ್ಬಳ್ಳಿಯಲ್ಲಿ ಮಕ್ಕಳಾಗದವರು ತಮ್ಮ ಹಳೆಯ ಹಲ್ಲು ಹುಡುಕಿಕೊಂಡು ಬರುವುದು ಮಾಮೂಲಾಗಿತ್ತು.

ಈ ಹಲ್ಲು ಮಹಾಂತೇಶನದು. ಮೂವತ್ತೊಂದಕ್ಕೇ ಅವನ ಪುರುಷ ಹಾರ್ಮೋನು ಎಪ್ಪತ್ತರ ಮುದುಕನದರಷ್ಟಿತ್ತು. ಬಿದ್ದ ಹಲ್ಲನ್ನು ಸಗಣಿಯಲ್ಲಿಟ್ಟು ಹಂಚಿನ ಮೇಲೆ ಎಸೆಯುವುದು ರೂಢಿ. ಬಾಡಿಗೆ ಮನೆಗೆ ಹಂಚಿನ ಮಾಡು ಇರಲಿಲ್ಲವೆಂದು ತಾಯಿ ಗೌರವ್ವ ಅದನ್ನು ಕುಂಕುಮದ ಭರಣಿಯಲ್ಲಿ ಮುಚ್ಚಿಟ್ಟಿದ್ದಳು. ಅವಳು ತೀರಿಕೊಂಡ ಮೇಲೆ ತಂದೆ ಚನವೀರಪ್ಪನ ಕೈಗೆ ಸಿಕ್ಕಿತ್ತು. "ಮೈ ಬಗ್ಗಿಸಿ ದುಡಿಲಿಲ್ಲ, ಅದಕ್ಕ ಹಿಂಗ" ಎಂದು ತನ್ನ ಖಾನಾವಳಿಯ ಗಿರಾಕಿಗಳೆದುರಿಗೇ ಮಗನನ್ನು ಹಂಗಿಸಿದವನು ಇವನೇ. ಯಂತ್ರವೂ ಅದನ್ನೇ ಹೇಳುತ್ತದೆಂದು ಮಗನ ಪಕ್ಕದಲ್ಲಿ ಬಂದು ಕೂತಿದ್ದ.

ಪರದೆಯ ಮೇಲೆ ಕೆಂಪು ಗೆರೆಗಳು ಸಾಲುಗಟ್ಟಿದವು.

"ಬಿಸಿಗೆ ಪ್ಲಾಸ್ಟಿಕ್ ಬಿಡೋ ರಾಸಾಯನಿಕ ಇದು. ಹೊಟ್ಟ್ಯಾಗಿನ ಗಂಡುಕೂಸಿನ ಹಾರ್ಮೋನಿಗೆ ಅಡ್ಡಿ ಮಾಡ್ತದ" ಎಂದರು ಶಕುಂತಲಾ. "ಆದ್ರ ಒಂದು ತಿಳೀವಲ್ದು. ಏಳು ದಿನಕ್ಕೊಮ್ಮೆ ಗೆರಿನ ಇಲ್ಲ. ಹುಟ್ಟಿದ ದಿನದಿಂದ ಹಿಂದಕ್ಕ ಎಣಿಸಿದ್ರ ಎಲ್ಲಾ ಸೋಮವಾರ."

ಚನವೀರಪ್ಪನಿಗೆ ಮಾತ್ರ ತಿಳಿಯಿತು. ಸೋಮವಾರ ಖಾನಾವಳಿಗೆ ರಜೆ. ಉಳಿದ ದಿನ ಬಸುರಿ ಹೆಂಡತಿಯನ್ನು ಒಲೆಯ ಮುಂದೆ ಹೋಗಗೊಡದೆ, ಕುದಿಯುವ ಸಾರನ್ನು ತೆಳು ಪ್ಲಾಸ್ಟಿಕ್ ಕವರಿಗೆ ಸುರಿದು, ದಾರ ಬಿಗಿದು, ಮಧ್ಯಾಹ್ನ ತಪ್ಪದೆ ತಂದುಕೊಡುತ್ತಿದ್ದ. ಓಣಿಯೆಲ್ಲ ಹೊಗಳಿತ್ತು, ಅವನೂ ಉಬ್ಬಿಹೋಗಿದ್ದ.

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮಗ ತಲೆ ತಗ್ಗಿಸಿಯೇ ಕೂತಿದ್ದ. ಹಾಗೆ ಕೂರುವುದನ್ನು ಕಲಿಸಿದವನೂ ತಾನೇ ಎನಿಸಿ ಚನವೀರಪ್ಪನಿಗೆ ತಡೆಯಲಾಗಲಿಲ್ಲ.

"ನಿಂದೇನೂ ತಪ್ಪಿಲ್ಲಪಾ ಮಾಂತೇಶಾ. ನಾನ ನಿಮ್ಮವ್ವಗ ದಿನಾ ಕವರಿನ್ಯಾಗ ಬಿಸಿ ಸಾರು ತಂದು ಕೊಟ್ಟೇನಿ."

"ಇದೊಂದರಿಂದಾನ ಅಂತ ಹೇಳಾಕ ಬರೂದಿಲ್ರಿ" ಎಂದು ಶಕುಂತಲಾ ಮೆಲ್ಲಗೆ ಹೇಳಿದರು. "ಹೊಲದಾಗ ಹುಳಕ್ಕ ಹೊಡಿಯೋ ಎಣ್ಣಿ, ಕೆಟ್ಟ ಗಾಳಿ, ನಿದ್ದಿಗೇಡು, ಎಲ್ಲಾ ಕೂಡಿರ್ತಾವ. ಆವಾಗ ನಿಮಗರ ಏನು ಗೊತ್ತಿತ್ತು?"

ಗೊತ್ತಿರಲಿಲ್ಲವೇ? ಗೌರವ್ವ ದಿನಾ ಬೆಳಿಗ್ಗೆ ಸ್ಟೀಲಿನ ಡಬ್ಬಿ ತೊಳೆದು ಬಾಗಿಲಲ್ಲಿ ಇಡುತ್ತಿದ್ದಳು. "ಕವರಿನ ಸಾರು ಒಂಥರಾ ವಾಸನಿ ಹೊಡಿತೈತ್ರಿ, ಡಬ್ಬಿ ಒಯ್ರಿ" ಎನ್ನುತ್ತಿದ್ದಳು. "ಬಸರ್ಯಾರಿಗೆ ಎಲ್ಲಾನೂ ವಾಸನಿನ" ಎಂದು ನಕ್ಕು ಅವನು ಕೈಬೀಸಿಕೊಂಡು ಹೋಗುತ್ತಿದ್ದ.

ಶಕುಂತಲಾ ಮುದ್ರಿಸಿ ಕೊಟ್ಟ ಹಾಳೆಯನ್ನು ಮಗ ಮಡಚಿ ಜೇಬಿಗಿಟ್ಟ. ಹೊರಬಾಗಿಲಲ್ಲಿ ತಂದೆಯ ಚಪ್ಪಲಿಗಳನ್ನು ಸರಿಸಿ ಕೊಟ್ಟ. ನಾಲ್ಕು ಮಾತು ಬೈದಿದ್ದರೆ ಚನವೀರಪ್ಪನಿಗೆ ಎಷ್ಟೋ ಹಗುರಾಗುತ್ತಿತ್ತು.

ಆ ಹಾಳೆಯಲ್ಲಿ ಮೊದಲ ಕೆಂಪು ಗೆರೆಯ ಕೆಳಗೆ ಆಗಸ್ಟ್ 4, 2026, ಮಂಗಳವಾರ ಎಂದಿತ್ತು. ಆ ಬೆಳಿಗ್ಗೆಯೂ ಡಬ್ಬಿ ಬಾಗಿಲಲ್ಲೇ ಇತ್ತು, ಬಗ್ಗಿ ಎತ್ತಿಕೊಂಡಿದ್ದರೆ ಸಾಕಿತ್ತು.