ಮೊಣಕಾಲಿನ ಕೆಂಪು ಕಲೆ

ಕಲೆ ಮತ್ತೆ ಬಂದಿತ್ತು.

ಬ್ರುನಾ ಸ್ಕೂಲ್ ಬ್ಯಾಗನ್ನೂ ಇಳಿಸದೆ ಮೇಜಿನ ಮುಂದೆ ನಿಂತಳು. ನಿನ್ನೆ ಸಂಜೆಯಷ್ಟೇ ಅದರ ಮೇಲೆ ದಪ್ಪಗೆ ಕಂದು ಬಣ್ಣ ಬಳಿದಿದ್ದಳು. ಈಗ ನೋಡಿದರೆ ಯಂತ್ರದ ಮೊಣಕಾಲಿನಿಂದ ಕೆಂಪಗೆ ಏನೋ ಒಸರಿ ಕೆಳಗಿಳಿದಿತ್ತು. ಥೇಟ್ ಬಿದ್ದು ತರಚಿಕೊಂಡ ಮೊಣಕಾಲಿನ ಹಾಗೆ.

ಅಂಗೈ ಅಗಲದ ಆಟಿಕೆ ಯುದ್ಧಯಂತ್ರ ಅದು. ನಾಲ್ಕು ಕಾಲು, ಬೆನ್ನ ಮೇಲೊಂದು ಫಿರಂಗಿ. ಪ್ಲಾಸ್ಟಿಕ್ ತುಂಡುಗಳನ್ನು ಅಂಟಿಸಿ, ಬಣ್ಣ ಹಚ್ಚಿ, ಮೇಜಿನ ಮೇಲೆ ಯುದ್ಧದ ಆಟ ಆಡುವುದಕ್ಕೆ. ಶನಿವಾರ ಪಕ್ಕದ ಪಟ್ಟಣದ ಕ್ಲಬ್ಬಿನಲ್ಲಿ ಮಕ್ಕಳಿಗೆ ಇಂಥ ಆಟಿಕೆಗಳಿಗೆ ಬಣ್ಣ ಹಚ್ಚುವ ಸ್ಪರ್ಧೆ. ಹೋದ ವರ್ಷ ಗೆದ್ದವನು ಚಿಕ್ಕಪ್ಪನ ಮಗ ಬಿಯೆಲ್. ಈ ಸಲ ಅವನನ್ನು ಸೋಲಿಸಲೇಬೇಕೆಂದು ಬ್ರುನಾ ಬೇಸಿಗೆಯಿಂದಲೇ ಹಟ ಹಿಡಿದಿದ್ದಳು.

ಹೋದ ವಾರ ಅವನು ಬಂದು, ಯಂತ್ರವನ್ನು ತಿರುಗಿಸಿ ತಿರುಗಿಸಿ ನೋಡಿ ನಕ್ಕಿದ್ದ.

"ಇದು ಯುದ್ಧದಿಂದ ಬಂದಿದ್ದಲ್ಲ ಕಣೇ, ಶೋರೂಮಿಂದ ಬಂದಿದ್ದು. ಕೆಸರೆಲ್ಲಿ? ತುಕ್ಕೆಲ್ಲಿ? ಒಂದು ಮನೇನೇ ತುಳಿದುಹಾಕಿದೆ, ಕಾಲು ಮಾತ್ರ ಫಳಫಳ!"

ಯಂತ್ರದ ಮುಂಗಾಲಿನ ಕೆಳಗೆ ಬ್ರುನಾ ಒಂದು ಪುಟ್ಟ ಮುರುಕು ಮನೆ ಮಾಡಿ ಇಟ್ಟಿದ್ದಳು. ಅವನು ಹೇಳಿದ್ದು ಅದನ್ನೇ. ಸಿಟ್ಟು ಬಂದರೂ ಮಾತು ನಿಜವಾಗಿತ್ತು.

ನುರಿತವರು ನಿಜವಾದ ಮಣ್ಣನ್ನೇ ಅಂಟಿಸುತ್ತಾರೆಂದು ಅವಳು ವಿಡಿಯೊದಲ್ಲಿ ನೋಡಿದ್ದಳು. ಮಣ್ಣು ಎಲ್ಲಿ ಬೇಕಾದರೂ ಸಿಗುತ್ತದೆ. ಬ್ರುನಾಗೆ ಮಾತ್ರ ಹಳೇ ಊರಿನದೇ ಬೇಕೆನಿಸಿತು.

ಹಳೇ ಊರು ಗುಡ್ಡದ ಮೇಲಿದೆ. ಎಂಬತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ, ಅಂತರ್ಯುದ್ಧದಲ್ಲಿ ವಿಮಾನಗಳು ಬಾಂಬು ಹಾಕಿದ ಮೇಲೆ ಜನ ಕೆಳಗೆ ಬಂದು ಹೊಸ ಊರು ಕಟ್ಟಿಕೊಂಡರು. ಮೇಲೆ ಉಳಿದಿರುವುದು ಸೂರಿಲ್ಲದ ಚರ್ಚು, ಬಾಗಿಲಿಲ್ಲದ ಮನೆಗಳು. "ಅಲ್ಲಿಂದ ಒಂದು ಕಲ್ಲನ್ನೂ ತರಬಾರದು" ಎಂದು ಅಮ್ಮ ಎಷ್ಟೋ ಸಲ ಹೇಳಿದ್ದಳು. ಬ್ರುನಾ ಕಲ್ಲು ತರಲಿಲ್ಲ. ಒಂದು ಮನೆಯೊಳಗೆ ಅಂಜೂರದ ಮರ ಬೆಳೆದಿತ್ತು. ಅದರ ಬುಡದಿಂದ ಜಾಮ್ ಬಾಟಲಿಯಲ್ಲಿ ಮಣ್ಣು ತುಂಬಿಕೊಂಡು ಬಂದಳು. ಬೆಳ್ಳುಳ್ಳಿ ಕುಟ್ಟುವ ಒರಳಿನಲ್ಲಿ ಪುಡಿ ಮಾಡಿ, ನೀರು ಬೆರೆಸಿದ ಬಿಳಿ ಗಮ್ಮಿನಲ್ಲಿ ಕಲಸಿ, ಯಂತ್ರದ ಕಾಲುಗಳಿಗೆ ಮೆತ್ತಿದಳು.

ಎರಡು ದಿನದಲ್ಲಿ ಕಲೆ ಕಾಣಿಸಿತು. ಬಣ್ಣ ಬಳಿದು ಮುಚ್ಚಿದಳು. ಮತ್ತೆ ಬಂತು. ಮತ್ತೆ ಮುಚ್ಚಿದಳು. ಈಗ ಅದು ಪಾದವನ್ನೂ ದಾಟಿ, ಪುಟ್ಟ ಮನೆಯ ಬಾಗಿಲಿಗೆ ಇಳಿದಿತ್ತು.

ಮನೆಯಲ್ಲಿ ಸದ್ದೇ ಇರಲಿಲ್ಲ. ಅಪ್ಪ ಅಮ್ಮ ಆಲಿವ್ ಕೊಯ್ಲಿಗೆ ಹೋಗಿದ್ದರು. ಹೊರಗೆ ಎಬ್ರೊ ನದಿಯಿಂದ ಎದ್ದ ಮಂಜು ಬೀದಿಯನ್ನೆಲ್ಲ ನುಂಗಿತ್ತು. ಗುಡ್ಡದ ಮೇಲಿನ ಚರ್ಚಿನ ಗೋಪುರ ಮಾತ್ರ, ಕೆಳಗೆ ನೆಲವೇ ಇಲ್ಲದ ಹಾಗೆ, ಮಂಜಿನಲ್ಲಿ ತೇಲುತ್ತಿತ್ತು. ಅದು ತನ್ನ ಕಿಟಕಿಯನ್ನೇ ನೋಡುತ್ತಿದೆ ಎನಿಸಿತು.

ಬ್ರುನಾ ಕಲೆಯನ್ನು ಮುಟ್ಟಿದಳು. ಬೆರಳು ಒದ್ದೆಯಾಯಿತು. ಮೂಸಿದರೆ, ಮೂಗಿನಲ್ಲಿ ರಕ್ತ ಬಂದಾಗಿನ ವಾಸನೆ.

ಅವಳು ಯಂತ್ರವನ್ನು ಎತ್ತಿಕೊಂಡು ಅಡುಗೆಮನೆಗೆ ಓಡಿದಳು. ಒಲೆಯ ಪಕ್ಕ ಮುತ್ತಜ್ಜಿ ತ್ರೆಸೀನಾ ಕೂತಿದ್ದಳು. ಅಲ್ಲಿ ಗುಡ್ಡದ ಕಡೆಗೊಂದು ಕಿಟಕಿಯಿತ್ತು. ಅದನ್ನು ಮುತ್ತಜ್ಜಿ ಹಗಲಲ್ಲೂ ತೆಗೆಯಗೊಡುತ್ತಿರಲಿಲ್ಲ.

"ಮುತ್ತಜ್ಜೀ, ಇದಕ್ಕೆ ರಕ್ತ ಬರ್ತಿದೆ!"

"ಪ್ಲಾಸ್ಟಿಕ್ಕಿಗಾ? ಡಾಕ್ಟರು ಚುಚ್ಚಿದ್ರೆ ನಂಗೇ ಬರಲ್ಲ, ಅದಕ್ಕೆ ಬರುತ್ತಂತೆ." ಮುತ್ತಜ್ಜಿ ಕನ್ನಡಕ ಏರಿಸಿ ನೋಡಿದಳು. ನಗು ನಿಂತಿತು. "ಮಣ್ಣು ಎಲ್ಲಿಂದ ತಂದೆ?"

ಬ್ರುನಾ ನೆಲ ನೋಡಿದಳು.

"ಬಾಯಿ ಬಿಡು ಪುಟ್ಟಿ. ನಿಮ್ಮಮ್ಮಂಗೆ ಹೇಳಲ್ಲ."

"ಮೇಲಿಂದ. ಅಂಜೂರದ ಮರ ಇರೋ ಮನೆಯಿಂದ."

ಮುತ್ತಜ್ಜಿ ಹಳೇ ಪೇಪರೊಂದನ್ನು ಎಳೆದು ಮುಂದೆ ಹಾಸಿಕೊಂಡಳು. ಆಮೇಲೆ, "ಬಾಟ್ಲಿ ತಗೊಂಬಾ. ಫ್ರಿಜ್ ಮೇಲಿರೋ ಆ ಮೀನೂ ತಾ" ಎಂದಳು.

ಮೀನು ಅಂದರೆ ಫ್ರಿಜ್ಜಿಗೆ ಅಂಟಿಸಿದ್ದ ಮ್ಯಾಗ್ನೆಟ್. ಮುತ್ತಜ್ಜಿ ಮಣ್ಣನ್ನು ಪೇಪರ್ ಮೇಲೆ ಸುರಿದು, ಮೀನನ್ನು ಮೆಲ್ಲಗೆ ಅದರ ಮೇಲೆ ಆಡಿಸಿದಳು. ಮಣ್ಣು ಅಲುಗಿತು. ಒಳಗಿನಿಂದ ಕಪ್ಪು ಚೂರುಗಳು ತಾವಾಗಿಯೇ ಎದ್ದು ನಿಂತು, ಮೀನಿನ ಹೊಟ್ಟೆಗೆ ಮುಳ್ಳಿನಂತೆ ಕಚ್ಚಿಕೊಂಡವು.

ಬ್ರುನಾ ಹಿಂದಕ್ಕೆ ಸರಿದಳು.

"ಬಾಂಬಿನ ಚೂರು. ಕಬ್ಬಿಣ. ನೀನು ಕುಟ್ಟಿ ಒಡೆದೆ, ಗಮ್ಮಿನ ನೀರು ತಾಗ್ತು, ಮೇಲಿಂದ ಈ ಮಂಜಿನ ತೇವ, ಹೊಸದಾಗಿ ತುಕ್ಕು ಬಿಡ್ತಿದೆ. ಎಷ್ಟು ಬಣ್ಣ ಬಳಿದ್ರೂ ಬರುತ್ತೆ. ಯುದ್ಧ ಮುಗಿದ ಮೇಲೆ ನಾವು ಮಕ್ಕಳೆಲ್ಲ ಇದನ್ನೇ ಆಯ್ದು ಗುಜರಿಗೆ ಹಾಕ್ತಿದ್ವಿ, ಹೊಟ್ಟೆಪಾಡಿಗೆ. ಇನ್ಮೇಲೆ ಅಲ್ಲಿ ಅಗೀಬೇಡ. ಎಲ್ಲಾ ಚೂರೂ ಇಷ್ಟು ಚಿಕ್ಕದಿರಲ್ಲ, ಸಿಡಿಯದೆ ಉಳಿದಿದ್ದೂ ಇರುತ್ತೆ."

ರಕ್ತವಲ್ಲ, ತುಕ್ಕು. ಆದರೂ ಬ್ರುನಾ ಬೆರಳನ್ನು ಬಟ್ಟೆಗೆ ಒರೆಸಿಕೊಂಡಳು.

"ಆ ಮನೆ ಯಾರ್ದು, ಮುತ್ತಜ್ಜಿ?"

"ಕಿಟಕಿ ತೆಗಿ."

ಬ್ರುನಾ ತೆಗೆದಳು. ತಣ್ಣನೆಯ ಮಂಜು ಒಳಗೆ ಬಂತು. ಮುತ್ತಜ್ಜಿ ಗೋಪುರದ ಎಡಕ್ಕೆ, ಏನೂ ಕಾಣದ ಕಡೆಗೆ ಬೆರಳು ತೋರಿಸಿದಳು.

"ಅದು ಸಿಂತಾಳ ಬೇಕರಿ. ಪಕ್ಕದ್ದೇ ನಮ್ಮನೆ. ನಂಗೆ ಆರು ವರ್ಷ. ಅಮ್ಮ ಬ್ರೆಡ್ ತರಕ್ಕೆ ಕಳಿಸಿದ್ಲು. 'ಇನ್ನೂ ಬೆಂದಿಲ್ಲ, ಆಮೇಲೆ ಬಾ ಮರಿ' ಅಂದ್ಲು ಸಿಂತಾ. ನಾನು ವಾಪಸ್ ಬಂದೆ."

"ಆಮೇಲೆ?"

"ಆಮೇಲೆ ವಿಮಾನ ಬಂತು."

ಮುತ್ತಜ್ಜಿ ಪೇಪರನ್ನು ಮಡಿಸಿ ಮಣ್ಣನ್ನು ಒಂದು ಕಣವೂ ಬಿಡದೆ ಬಾಟಲಿಗೆ ಇಳಿಸಿ, ಮುಚ್ಚಳ ಬಿಗಿದಳು.

ಬ್ರುನಾ ಮೇಜಿಗೆ ಮರಳಿ ಕಂದು ಬಣ್ಣದ ಡಬ್ಬಿ ತೆರೆದಳು. ಕಲೆಯನ್ನು ಬಹಳ ಹೊತ್ತು ನೋಡಿದಳು. ಡಬ್ಬಿಯನ್ನು ಹಾಗೇ ಮುಚ್ಚಿ, ಚೂರಿ ಕೈಗೆತ್ತಿಕೊಂಡಳು.

ಶನಿವಾರ ಕ್ಲಬ್ಬಿನಲ್ಲಿ ಬಿಯೆಲ್ ಬಾಗಿ ನೋಡಿದವನು ಬಾಗಿಯೇ ಇದ್ದ. "ಯಪ್ಪಾ, ತುಕ್ಕು ನೋಡು! ಯಾವ ಕಂಪನಿ ಪೈಂಟೇ ಇದು?"

"ಪೈಂಟ್ ಅಲ್ಲ."

"ಹೇಳೇ ಜಿಪುಣಿ, ಕದಿಯಲ್ಲ!"

ಅಷ್ಟರಲ್ಲಿ ಜಡ್ಜ್ ಮೇಡಂ ಬಂದರು. ಯಂತ್ರದ ಸುತ್ತ ಒಮ್ಮೆ ಕಣ್ಣಾಡಿಸಿ, "ತುಕ್ಕು ತುಂಬಾ ಚೆನ್ನಾಗಿದೆ ಕಣಮ್ಮಾ" ಎಂದರು. "ಆದ್ರೆ ಈ ಮುಂಗಾಲು ಯಾಕೆ ಗಾಳೀಲಿದೆ? ಕೆಳಗೆ ಊರಿಸಿದ್ರೆ ಯಂತ್ರದ ಭಾರ ಗೊತ್ತಾಗ್ತಿತ್ತು. ಇದಕ್ಕೆ ಮಾರ್ಕ್ಸ್ ಹೋಗುತ್ತೆ."

ಎತ್ತಿದ ಪಾದದ ಕೆಳಗೆ ಪುಟ್ಟ ಮನೆಯ ಗೋಡೆಗಳು ನೆಟ್ಟಗೆ ನಿಂತಿದ್ದವು. ಹೊಸದಾಗಿ ಒಂದು ಹೊಗೆಗೂಡು. ಬಾಗಿಲ ಬಳಿ ಅಕ್ಕಿಕಾಳಿನಷ್ಟೇ ಇದ್ದ ಒಂದು ಬ್ರೆಡ್ಡು.

"ಊರಕ್ಕಾಗಲ್ಲ ಮೇಡಂ" ಎಂದಳು ಬ್ರುನಾ. "ಕೆಳಗೆ ಬೇಕರಿ ಇದೆ."