ಉಬ್ಬಿದ ಗೆರೆ, ತಗ್ಗಿದ ಗೆರೆ

ಭಾನುವಾರ ಮಧ್ಯಾಹ್ನ ಒಂದೂ ಮುಕ್ಕಾಲಿಗೆ ಚಿಕ್ಕಬಳ್ಳಾಪುರದ ಠಾಣೆಗೆ ಬಂದ ದೂರು ಐದು ರೂಪಾಯಿಯ ಒಂದು ನಾಣ್ಯದ್ದು. ಕೊಟ್ಟವಳು ಗೌರಿಬಿದನೂರಿನ ಹೈಸ್ಕೂಲು ಶಿಕ್ಷಕಿ ತನುಜ.

"ಐದು ರೂಪಾಯಿಗೆ ಎಫ್‌ಐಆರಾ?" ಎಂದು ನಗಲು ಹೊರಟ ಕಾನ್‌ಸ್ಟೆಬಲ್ ವೇಣು ಆಕೆಯ ಕೆಂಪು ಕಣ್ಣು ಕಂಡು ಬಾಯಿ ಮುಚ್ಚಿಕೊಂಡ.

"ಇಲ್ಲಿನ ನಾಣ್ಯ ಸಂಗ್ರಹಕಾರರ ಸಂಘದೋರ ಪ್ರದರ್ಶನ ಸ್ಪರ್ಧೇಲಿಟ್ಟ ನನ್ನ ನಾಣ್ಯ ಬದಲಾಯಿಸಿದ್ದಾರೆ ಮೇಡಂ. ನಂದು ಟಂಕಸಾಲೇಲೇ ತಪ್ಪಾಗಿದ್ದು, ಅಪರೂಪದ್ದು. ಈಗಿರೋದು ಬರೀ ಗೀರು ಬಿದ್ದಿರೋದು. ನಾನೇ ಮೋಸ ಮಾಡ್ದೆ ಅಂತಾರೆ ತೀರ್ಪುಗಾರರು. ಐದು ಗಂಟೆಗೆ ಎಲ್ಲರ ಮುಂದೆ ಸ್ಪರ್ಧೆಯಿಂದ ನನ್ನ ಹೆಸರು ತೆಗೀತಾರಂತೆ. ನಮ್ಮ ಸ್ಕೂಲ್ ಮಕ್ಕಳೂ ಬಂದವ್ರೆ."

"ಎರಡಕ್ಕೂ ಏನು ವ್ಯತ್ಯಾಸ?" ಇನ್ಸ್‌ಪೆಕ್ಟರ್ ಸಂಘಮಿತ್ರ ಕೇಳಿದರು.

"ಅಚ್ಚು ಬಿರುಕು ಬಿಟ್ಟಿದ್ರೆ ಲೋಹ ಆ ಬಿರುಕಿಗೆ ನುಗ್ಗುತ್ತೆ, ನಾಣ್ಯದ ಮೇಲೆ ಗೆರೆ ಉಬ್ಬುತ್ತೆ. ಆಮೇಲೆ ಬಿದ್ದ ಗೀರು ತಗ್ಗಾಗಿರುತ್ತೆ. ಉಗುರಾಡಿಸಿದ್ರೆ ಸಾಕು."

ಎಫ್‌ಐಆರ್ ದಾಖಲಾಯಿತು. ಪ್ರದರ್ಶನದ ಸಭಾಂಗಣದಲ್ಲಿ ಪಂಚನಾಮೆಗೆ ಇಬ್ಬರು ಪಂಚರು ಬೇಕೆಂದಾಗ ಅರ್ಧ ಸಭೆಯೇ ಮುಂದೆ ಬಂತು. ಬಿಟ್ಟಿ ತಮಾಷೆ ಯಾರಿಗೆ ಬೇಡ! ತನುಜಳ ಪೆಟ್ಟಿಗೆಯ ಬೀಗ ಒಡೆದಿರಲಿಲ್ಲ. ಒಳಗಿನ ನಾಣ್ಯದ ಮೇಲೆ ಸಂಘಮಿತ್ರ ಉಗುರಾಡಿಸಿದರು. ಉಗುರು ಗೆರೆಯೊಳಕ್ಕೆ ಇಳಿಯಿತು. ತಿರುಗಿಸಿದರೆ ಹಿಂಬದಿಯಲ್ಲಿ ಅರಗಿನ ಚೂರು. ಮೂಗಿನ ಹತ್ತಿರ ಹಿಡಿದವರೇ ಅವರು ನಕ್ಕುಬಿಟ್ಟರು.

"ವೇಣು, ಮೂಸಿ ನೋಡಪ್ಪ."

"ಥೂ! ಬೇಯಿಸಿದ ರೇಷ್ಮೆಗೂಡಿನ ವಾಸನೆ ಮೇಡಂ!"

ಸಂಘಮಿತ್ರ ಹುಟ್ಟಿ ಬೆಳೆದದ್ದು ಶಿಡ್ಲಘಟ್ಟದಲ್ಲಿ, ರೇಷ್ಮೆ ನೂಲು ತೆಗೆಯುವ ಮನೆಯಲ್ಲಿ. ಚರಕದಲ್ಲಿ ನೂಲು ಉಜ್ಜಿ ಮರ ಸವೆಯದಿರಲೆಂದು ಅವರ ತಾಯಿ ಆ ಜಾಗಕ್ಕೊಂದು ನಾಣ್ಯವನ್ನು ಅರಗಿನಿಂದ ಅಂಟಿಸುತ್ತಿದ್ದರು. ವರ್ಷಗಟ್ಟಲೆ ಹರಿದ ನೂಲು ನಾಣ್ಯವನ್ನೇ ಕೊರೆಯುತ್ತಿತ್ತು. ಈ ಗೆರೆಯೂ ಅದೇ.

"ಪೆಟ್ಟಿಗೆಗಳ ಬೀಗದಕೈ ಯಾರ ಹತ್ರ?"

"ನಮ್ಮ ಸಂಘದ ಕಾರ್ಯದರ್ಶಿ ಹರಿಕೃಷ್ಣ ಅವರತ್ರ ಮಾತ್ರ" ಎಂದರು ತೀರ್ಪುಗಾರ ನರಸಿಂಹಮೂರ್ತಿ. "ಶಿಡ್ಲಘಟ್ಟದವರು. ಊಟಕ್ಕೆ ಮನೆಗೆ ಹೋದ್ರು."

ಊಟಕ್ಕೆ ಅಷ್ಟು ದೂರ ಹೋಗುವ ಗಂಡಸನ್ನು ವೇಣು ಕಂಡಿರಲಿಲ್ಲ. ಜೀಪು ಹೊರಟಿತು. ತನುಜಳೂ ಜೊತೆಗಿದ್ದಳು.

ಮೂರೂಕಾಲಿಗೆ ಶಿಡ್ಲಘಟ್ಟ. ಹರಿಕೃಷ್ಣರ ಮನೆಯ ಹಿಂದೆ ಹಳೆಯ ಚರಕವೊಂದು ನಿಂತಿತ್ತು. ಅದರ ಮರದ ಮೇಲೆ ಅರಗಿನ ಗುಂಡನೆಯ ಗುರುತು, ನಾಣ್ಯವಿಲ್ಲ. ಅರವತ್ತರ ಆಸುಪಾಸಿನ ಹರಿಕೃಷ್ಣ ಬಲಗೈಯನ್ನು ಜುಬ್ಬದ ಜೇಬಿನಲ್ಲಿಟ್ಟುಕೊಂಡೇ ಎದ್ದು ನಿಂತರು.

"ಬೆಳಿಗ್ಗೆ ತನುಜ ಅವರ ಪೆಟ್ಟಿಗೆ ತೆಗೆದ್ರಾ?"

"ಒರೆಸೋಕೆ ತೆಗೆದೆ."

"ಇಲ್ಲಿದ್ದ ನಾಣ್ಯ ಎಲ್ಲಿ?"

ಜೇಬಿನೊಳಗೆ ಹರಿಕೃಷ್ಣರ ಹೆಬ್ಬೆರಳು ಆಡುತ್ತಲೇ ಇತ್ತು.

"ಜೇಬಲ್ಲೇನಿದೆ ಸಾರ್?"

ಹರಿಕೃಷ್ಣ ಕೈ ಹೊರತೆಗೆದು ಅಂಗೈ ಬಿಚ್ಚಿದರು. ಐದು ರೂಪಾಯಿ ನಾಣ್ಯ, ಅಂಚಿನಿಂದ ಅಂಚಿಗೆ ಉಬ್ಬಿದ ಸಣ್ಣ ಗೆರೆ. "ನಂದೇ! ನಂದೇ ಮೇಡಂ!" ಎಂದು ತನುಜ ಚಿಕ್ಕ ಹುಡುಗಿಯ ಹಾಗೆ ಕುಣಿದಳು. ಸಂಘಮಿತ್ರರಿಗೂ ಒಳಗೊಳಗೇ ಖುಷಿಯೋ ಖುಷಿ.

ನಾಣ್ಯ ಜಪ್ತಿಯಾಯಿತು, ಬಂಧನದ ಕಾಗದಕ್ಕೆ ಹರಿಕೃಷ್ಣ ಸಹಿ ಮಾಡಿದರು. ವೇಣು ಸಭಾಂಗಣಕ್ಕೆ ಫೋನು ಹಚ್ಚಿ ಸ್ಪೀಕರ್ ಹಾಕಿದ. ನರಸಿಂಹಮೂರ್ತಿ ಮೈಕಿನಲ್ಲೇ ತನುಜಳ ಕ್ಷಮೆ ಕೇಳಿ, ಮೊದಲ ಬಹುಮಾನ ಆಕೆಯದೆಂದು ಘೋಷಿಸಿದರು. ಗೌರಿಬಿದನೂರಿನ ಮಕ್ಕಳ ಶಿಳ್ಳೆಗೆ ಫೋನೇ ಗರಗರ ಎಂದಿತು. ತನುಜ ನಗುತ್ತ ಅತ್ತಳು, ಅಳುತ್ತ ನಕ್ಕಳು.

ಜೀಪು ಹತ್ತುವಾಗ ಆಕೆ ಹರಿಕೃಷ್ಣರತ್ತ ತಿರುಗಿದಳು. ಉಬ್ಬಿದ ಗೆರೆ, ತಗ್ಗಿದ ಗೆರೆ ಗುರುತಿಸುವ ಈ ವಿದ್ಯೆಯನ್ನು ಆಕೆಗೆ ಕಲಿಸಿದ್ದು ಅವರೇ, ಹತ್ತು ವರ್ಷದ ಹಿಂದಿನ ಒಂದು ಶಿಬಿರದಲ್ಲಿ.

"ನೋಡ್ಬೇಕು ಅಂದಿದ್ರೆ ನಾನೇ ಕೈಗೆ ಕೊಡ್ತಿದ್ನಲ್ಲ ಸಾರ್. ಯಾಕೆ ಹಿಂಗೆ ಮಾಡಿದ್ರಿ?"

ಹರಿಕೃಷ್ಣ ಖಾಲಿ ಅಂಗೈಯನ್ನು ಹೆಬ್ಬೆರಳಿನಿಂದ ಉಜ್ಜಿಕೊಂಡರು.

"ಮೂವತ್ತು ವರ್ಷ ಎಲ್ಲರಿಗೂ ಹೇಳಿಕೊಟ್ಟೆ ಕಣಮ್ಮ, ಬರೀ ಫೋಟೋ ತೋರ್ಸಿ. ನಿಜವಾದದ್ದನ್ನ ಒಂದ್ಸಲಾನೂ ಮುಟ್ಟಿಲ್ಲ ಅಂತ ನಿನ್ನತ್ರ ಹೆಂಗಮ್ಮ ಹೇಳ್ಲಿ?"